ಹತ್ತು ನಿಮಿಷ ವೀಲ್‌ಚೇರ್‌ನಲ್ಲಿ ಕೂತರೆ ಸಾಲದು

ಮಾನ್ಯರೇ,

ಡಿಸೆಂಬರ್ 3ರ ವಿಶ್ವ ಅಂಗವಿಕಲರ ದಿನಕ್ಕೆ ಮಕ್ಕಳನ್ನು ಸ್ವಲ್ಪ ಹೊತ್ತು ವೀಲ್‌ಚೇರ್‌ನಲ್ಲಿ ಕೂರಿಸಿ, 'ಅವರ ಕಷ್ಟ ಗೊತ್ತಾಯಿತಾ' ಎಂದು ಕೇಳುವುದರಿಂದ ಹೆಚ್ಚು ಪ್ರಯೋಜನವಿಲ್ಲ.

ಉದ್ದೇಶ ಒಳ್ಳೆಯದೇ. ಆದರೆ ಮೊದಲ ಸಲ ಕೂತವರಿಗೆ ಕೈ ನೋಯುತ್ತದೆ, ಚಕ್ರ ಗೋಡೆಗೆ ತಾಗುತ್ತದೆ, 'ಅಯ್ಯೋ ಪಾಪ' ಎಂದು ಎದ್ದು ಹೋಗುತ್ತಾರೆ. ಉಳಿಯುವುದು ಬರೀ ಕನಿಕರ. ವರ್ಷಗಟ್ಟಲೆ ಬಳಸುವವರಿಗೆ ಆ ಕುರ್ಚಿ ಕಷ್ಟವಲ್ಲ, ಓಡಾಡಲು ಇರುವ ಅನುಕೂಲ. ಅವರನ್ನು ತಡೆಯುವುದು ಬೇರೆ.

ಮಡಿಕೇರಿಯನ್ನೇ ನೋಡಿ. ಮಳೆಗಾಲದಲ್ಲಿ ಪಾಚಿ ಕಟ್ಟುವ ಮೆಟ್ಟಿಲು, ಚಪ್ಪಡಿ ಎದ್ದ ಫುಟ್‌ಪಾತ್, ಬಸ್ಸಿನ ಎತ್ತರದ ಬಾಗಿಲು. ಏರು ತಗ್ಗು ಬೆಟ್ಟದ ಊರಿನ ಸ್ವಭಾವ, ಒಪ್ಪೋಣ. ಕಚೇರಿ ಬಾಗಿಲಿಗೆ ಮೆಟ್ಟಿಲು ಕಟ್ಟಿದ್ದು ಮಾತ್ರ ನಾವೇ ಅಲ್ವಾ? ಒಂದು ಅಡಿ ಏರಲು ರ‍್ಯಾಂಪ್ 12 ಅಡಿ ಉದ್ದ ಇರಬೇಕು. ಎಷ್ಟೋ ಕಡೆ ಸುಮ್ನೆ ಸಿಮೆಂಟ್ ಸುರಿದು ಇಳಿಜಾರು ಮಾಡಿ ಬಿಟ್ಟಿದ್ದಾರೆ. ಜೋರು ಮಳೆಯಲ್ಲಿ ಅಂಥದ್ದನ್ನು ಒಬ್ಬರೇ ಹತ್ತುವುದು ಅಪಾಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದು ಇಷ್ಟು ವರ್ಷವಾದರೂ ಹೀಗಿರುವುದು ಬೇಸರದ ಸಂಗತಿ.

ಈ ಸಲ ಶಾಲಾ ಕಾಲೇಜಿನವರು ವೀಲ್‌ಚೇರ್ ಬಳಸುವವರನ್ನೇ ಗೌರವಧನ ಕೊಟ್ಟು ಕರೆಯಲಿ. ಮಕ್ಕಳು ಅಳತೆ ಟೇಪು ಹಿಡಿದು ಅವರ ಜೊತೆ ಬಸ್ ನಿಲ್ದಾಣ, ಬ್ಯಾಂಕ್, ಪಂಚಾಯಿತಿ ಕಚೇರಿಗೆ ಹೋಗಲಿ. ಎಲ್ಲಿ ಏನು ಸರಿಯಿಲ್ಲ ಎಂದು ಅವರು ಹೇಳಿದ್ದನ್ನು ಬರೆದುಕೊಂಡು, ಆ ಪಟ್ಟಿಯನ್ನು ನಗರಸಭೆಗೂ ಜಿಲ್ಲಾಧಿಕಾರಿಗೂ ಸಲ್ಲಿಸಲಿ.

– ಓರ್ವ ಓದುಗ, ಮಡಿಕೇರಿ