ಬಾರ್ಡರ್‌ನಲ್ಲಿದೆ ಅಂತ ಸುಮ್ನೆ ಕೂರಬೇಡ ಕಣೋ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ರಿಪೋರ್ಟ್ ನೋಡಿದೆ. ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಶುಗರ್) 6.1, ಖಾಲಿ ಹೊಟ್ಟೆಯ ಶುಗರ್ 112. "ಬಾರ್ಡರ್‌ನಲ್ಲಿದೆ ಅಷ್ಟೇ, ಇನ್ನೂ ಶುಗರ್ ಬಂದಿಲ್ಲ" ಅಂತ ಬರೆದಿದ್ದೀಯ. ಅದು ನಿಜವೇ. ಎಚ್‌ಬಿಎ1ಸಿ 5.7ರಿಂದ 6.4ರವರೆಗೆ ಇದ್ದರೆ ಪ್ರೀ ಡಯಾಬಿಟಿಸ್, ಅಂದರೆ ಡಯಾಬಿಟಿಸ್‌ಗೆ ಮುಂಚಿನ ಹಂತ, 6.5 ಮುಟ್ಟಿದರೆ ಡಯಾಬಿಟಿಸ್. ಆದರೆ ನನಗೆ ಗಾಬರಿಯಾಗಿದ್ದು ಆ 6.1 ನೋಡಿ ಅಲ್ಲ. ಕೆಳಗೆ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿನ ಕೊಬ್ಬು, 230ಕ್ಕೆ ಏರಿದೆ, ಎಚ್‌ಡಿಎಲ್ ಅನ್ನೋ ಒಳ್ಳೆಯ ಕೊಲೆಸ್ಟ್ರಾಲ್ 34ಕ್ಕೆ ಇಳಿದಿದೆಯಲ್ಲ, ಅದನ್ನು ನೋಡಿ. ನಿಮ್ಮಪ್ಪನಿಗೆ 52ನೇ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆಗಿದ್ದು ನೆನಪಾಯಿತು.

ಹೃದಯದ ತೊಂದರೆ 6.5 ಆಗಲಿ ಅಂತ ಕಾಯುವುದಿಲ್ಲ ಕಣೋ. ಹೊಟ್ಟೆಯೊಳಗೆ, ಲಿವರಿನಲ್ಲಿ ಕೊಬ್ಬು ಸೇರಿದರೆ ಶುಗರನ್ನು ಹತೋಟಿಯಲ್ಲಿಡುವ ಇನ್ಸುಲಿನ್ ಹಾರ್ಮೋನು ಸರಿಯಾಗಿ ಕೆಲಸ ಮಾಡುವುದಿಲ್ಲ. ಮೇದೋಜೀರಕ ಗ್ರಂಥಿ ಇನ್ನೂ ಜಾಸ್ತಿ ಇನ್ಸುಲಿನ್ ಕೊಟ್ಟು ಶುಗರನ್ನು ಹೇಗೋ ಹಿಡಿದಿಡುತ್ತದೆ. ಆದರೆ ಅಷ್ಟರಲ್ಲೇ ಲಿವರ್ ರಕ್ತಕ್ಕೆ ಕೊಬ್ಬು ಬಿಡುತ್ತಾ ಇರುತ್ತದೆ, ಎಚ್‌ಡಿಎಲ್ ಇಳಿಯುತ್ತದೆ, ಬಿಪಿ ಮೇಲೇರುತ್ತದೆ, ರಕ್ತನಾಳದ ಒಳಗೋಡೆ ಕೆಡಲು ಶುರುವಾಗುತ್ತದೆ. ಅದಕ್ಕೇ ಶುಗರ್ ಒಂದನ್ನೇ ನೋಡಿದರೆ ಸಾಲದು. ಬಿಪಿ ನೋಡಿಸು. ಹೊಕ್ಕುಳ ಹತ್ತಿರ ಟೇಪು ಹಿಡಿದು ಸುತ್ತಳತೆ ತೆಗೆ, ನಮ್ಮ ಗಂಡಸರಿಗೆ 90 ಸೆಂಟಿಮೀಟರ್ ದಾಟಬಾರದು. ತೆಳ್ಳಗಿದ್ದೂ ಹೊಟ್ಟೆ ಮಾತ್ರ ಬಂದಿರುತ್ತದಲ್ಲ, ಅದೂ ಲೆಕ್ಕಕ್ಕೇ.

ಕಾಫಿಗೆ ಸಕ್ಕರೆ ಬಿಟ್ಟಿದ್ದೀಯ, ಒಳ್ಳೆಯದು. ಆದರೆ ಮಧ್ಯಾಹ್ನ ತಟ್ಟೆ ತುಂಬ ಅನ್ನ, ಸಂಜೆ ಮಂಡಕ್ಕಿ ಮಿರ್ಚಿ, ರಾತ್ರಿ ಮತ್ತೆ ಅನ್ನ! ಮಂಡಕ್ಕಿ ಹಗುರ ಅಂತ ದಾವಣಗೆರೆಯಲ್ಲಿ ಎಲ್ಲರೂ ತಿನ್ನುತ್ತಾರೆ, ಅದೂ ಅಕ್ಕಿಯೇ, ಬೇಗ ಶುಗರ್ ಏರಿಸುತ್ತದೆ. ರಾಗಿ ಮುದ್ದೆ ಅಂದರೆ ಎಷ್ಟಾದರೂ ತಿನ್ನಬಹುದು ಅಂತಲೂ ಅಲ್ಲ. ಅರ್ಧ ತಟ್ಟೆ ಪಲ್ಯ, ಕೋಸಂಬರಿ ಹಾಕಿಕೋ, ಕಾಳಿನ ಸಾರು ಜಾಸ್ತಿ, ಅನ್ನ ಒಂದು ಸಣ್ಣ ಬಟ್ಟಲು. ಊಟ ಆದ ಕೂಡಲೇ ಮೊಬೈಲ್ ಹಿಡಿದು ಮಲಗಬೇಡ, ಹತ್ತು ಹದಿನೈದು ನಿಮಿಷ ನಡೆ.

ಇಷ್ಟರಿಂದ ಏನಾಗುತ್ತದೆ ಅಂತ ನೀನು ಕೇಳೇ ಕೇಳುತ್ತೀಯ. ಚೀನಾದ ಡಾಚಿಂಗ್‌ನಲ್ಲಿ 1986ರಲ್ಲಿ ನಿನ್ನಂಥದೇ ಸ್ಥಿತಿಯಲ್ಲಿದ್ದವರಿಗೆ ಆರು ವರ್ಷ ಊಟ, ವ್ಯಾಯಾಮ ಬದಲಿಸಿ ನೋಡಿದರು. 30 ವರ್ಷ ಆದ ಮೇಲೆ ಲೆಕ್ಕ ಹಾಕಿದಾಗ, ಬದಲಿಸಿಕೊಂಡವರಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್‌ನಂಥವು ಸುಮಾರು ಕಾಲು ಭಾಗ ಕಡಿಮೆ ಇದ್ದವು. ಆರು ವರ್ಷದ ಶ್ರಮಕ್ಕೆ ಮೂವತ್ತು ವರ್ಷದ ಫಲ, ಕಡಿಮೆ ಏನು? ನಮ್ಮವರ ಮೇಲೂ ನೋಡಿದ್ದಾರೆ. 2006ರಲ್ಲಿ ಹೊರಬಂದ ಭಾರತದ ಅಧ್ಯಯನದಲ್ಲಿ ಬರೀ ಜೀವನಶೈಲಿ ಬದಲಿಸಿದ್ದಕ್ಕೇ ಡಯಾಬಿಟಿಸ್ ಬರುವ ಸಾಧ್ಯತೆ 28.5% ತಗ್ಗಿತ್ತು.

ಮಾತ್ರೆ ಬೇಕೋ ಬೇಡವೋ ಡಾಕ್ಟರ್ ಹೇಳಲಿ. ಹೋದಾಗ ಅಪ್ಪನ ವಿಷಯ ಮರೆಯದೆ ಹೇಳು, ಕೊಲೆಸ್ಟ್ರಾಲ್ ಮಾತ್ರೆ ಬೇಕಾ ಅಂತ ನೀನೇ ಬಾಯಿಬಿಟ್ಟು ಕೇಳು. ಮೆಟ್ಟಿಲು ಹತ್ತುವಾಗ ಎದೆ ಹಿಡಿದಂತಾದರೆ, ತೋಳಿಗೋ ದವಡೆಗೋ ನೋವು ಹರಿದರೆ ಗ್ಯಾಸ್ ಅಂತ ಸೋಡಾ ಕುಡಿದು ಕೂರಬೇಡ, ತಕ್ಷಣ ಆಸ್ಪತ್ರೆಗೆ ಹೋಗು.

ಸಿಗರೇಟಿನ ಬಗ್ಗೆ ಈ ಸಲ ಬೇಡಿಕೊಳ್ಳುತ್ತಿದ್ದೇನೆ. ಕಡಿಮೆ ಮಾಡೋದಲ್ಲ, ಪೂರ್ತಿ ಬಿಡು. ನಾಳೆಯೇ ಬಿಪಿ ನೋಡಿಸಿ ಎಷ್ಟಿದೆ ಅಂತ ಬರೆ, ಮೂರು ತಿಂಗಳಿಗೆ ಮತ್ತೆ ರಕ್ತ ಪರೀಕ್ಷೆ ಮಾಡಿಸಿ ರಿಪೋರ್ಟ್ ಕಳಿಸು.

ನಿನ್ನ ಗೆಳೆಯ