ಮಗಳಿಗೊಂದು ಪತ್ರ: ಅಯುತ್ಥಾಯದಲ್ಲಿ ಒಂದು ಸಂಜೆ

ಪುಟ್ಟಿ,

ಥಾಯ್ಲೆಂಡಿಗೆ ಹೋದ ಮೇಲೆ ಒಂದು ರಾತ್ರಿಯಾದರೂ ಅಯುತ್ಥಾಯದಲ್ಲಿ ಉಳ್ಕೊಳ್ಳಿ ಅಂತ ಫೋನಲ್ಲಿ ಹೇಳಿದೆ. ಯಾಕೆ ಅಂತ ಹೇಳೋಷ್ಟರಲ್ಲಿ ನಿನಗೆ ಮೀಟಿಂಗ್ ಬಂತು. ಅದಕ್ಕೇ ಬರೀತಿದ್ದೇನೆ.

ಅದು ಅಲ್ಲಿಯ ಹಳೇ ರಾಜಧಾನಿ, ಬ್ಯಾಂಕಾಕಿನಿಂದ ಸುಮಾರು 80 ಕಿಲೋಮೀಟರ್, ಅಷ್ಟೇ. ಜಾಸ್ತಿ ಜನ ಬೆಳಿಗ್ಗೆ ಬಂದು, ಮರದ ಬೇರಿನೊಳಗಿರುವ ಬುದ್ಧನ ಮುಖ ನೋಡಿ, ಸಂಜೆಗೆ ವಾಪಸ್ ಹೊರಡುತ್ತಾರೆ. ನೀವು ಹಾಗೆ ಮಾಡಬೇಡಿ. ಆ ಊರು ಚೆಂದ ಕಾಣುವುದೇ ಬಿಸಿಲು ಇಳಿದ ಮೇಲೆ.

ಊರಿನ ದಕ್ಷಿಣಕ್ಕೆ, ಚಾವೋ ಫ್ರಾಯಾ ಹೊಳೆಯ ದಂಡೆಯಲ್ಲಿ ಊಟದ ಹೋಟೆಲುಗಳಿವೆ. ನಾನೂ ಅಪ್ಪನೂ ಕೂತಿದ್ದು ನೀರಿಗೆ ತಾಗಿದ ಮರದ ಜಗಲಿಯ ಮೇಲೆ. ಎದುರು ದಡದಲ್ಲಿ ವಾಟ್ ಫುತ್ಥೈಸವನ್ ದೇವಸ್ಥಾನದ ಬಿಳಿ ಗೋಪುರ. 1767ರಲ್ಲಿ ಬರ್ಮಾದ ಸೈನ್ಯ ಊರಿಗೆ ಊರನ್ನೇ ಸುಟ್ಟಾಗಲೂ ಅದು ಉಳಿಯಿತಂತೆ. ಕತ್ತಲಾಗುವ ಮೊದಲೇ ಹೋಗಿ ಕೂತ್ಕೊಳ್ಳಿ. ಗೋಪುರಕ್ಕೆ ದೀಪ ಹತ್ತಿದಾಗ ಅದರ ನೆರಳು ನೀರಲ್ಲಿ ಅಲ್ಲಾಡುವುದನ್ನು ನೋಡಬೇಕು.

ತೊಮ್ ಯಮ್ ಅನ್ನೋ ಸಾರು ಹೇಳಿದರೆ, ಅದರಲ್ಲಿರುವ ಮಜ್ಜಿಗೆಹುಲ್ಲು, ಶುಂಠಿಯಂಥ ಗಡ್ಡೆ, ಎಲೆ ಎಲ್ಲ ಪರಿಮಳಕ್ಕೆ ಮಾತ್ರ. ಅಗಿಯಬೇಡ, ಪಕ್ಕಕ್ಕಿಡು. ಖಾರ ಕಡಿಮೆ ಬೇಕಿದ್ದರೆ 'ಪೆಟ್ ನಿಟ್ ನೋಯ್' ಅನ್ನು. ಎಲ್ಲವನ್ನೂ ಮಧ್ಯದಲ್ಲಿಟ್ಟು ಹಂಚಿಕೊಂಡು ತಿನ್ನುವುದು ಅಲ್ಲಿಯ ರೂಢಿ. ಚಮಚ ಬಲಗೈಗೆ, ಫೋರ್ಕ್ ಬರೀ ಅನ್ನ ತಳ್ಳಲಿಕ್ಕೆ.

ಆದರೆ ನೀವು ತಿನ್ನಲೇಬೇಕಾದ್ದು ಹೊಳೆ ಸೀಗಡಿ. ಆ ಊರು ಹೆಸರಾಗಿರುವುದೇ ಅದಕ್ಕೆ. ಅಂಗೈಗಿಂತ ಉದ್ದ. ಉದ್ದಕ್ಕೆ ಸೀಳಿ ಕೆಂಡದ ಮೇಲೆ ಸುಟ್ಟು ತರುತ್ತಾರೆ, ಚಿಪ್ಪಿನ ಅಂಚು ಅಲ್ಲಲ್ಲಿ ಕಪ್ಪಗಾಗಿರುತ್ತದೆ. ಜೊತೆಗೆ ಹಸಿಮೆಣಸು, ಬೆಳ್ಳುಳ್ಳಿ, ನಿಂಬೆರಸ, ಮೀನಿನ ಸಾಸ್ ಬೆರೆಸಿದ ಹುಳಿ ಖಾರ. ತಲೆಯೊಳಗೆ ಕಿತ್ತಳೆ ಬಣ್ಣದ ಕೊಬ್ಬು ಇರುತ್ತದೆ, ತುಪ್ಪದ ಹಾಗೆ. ಅದನ್ನು ಬಿಸಿ ಅನ್ನದ ಮೇಲೆ ಕೆರೆದು ಹಾಕಿ, ಆ ಹುಳಿ ಖಾರ ಎರಡು ಚಮಚ ಬಿಟ್ಟು ಕಲಸು. ಆ ರುಚಿ ಇವತ್ತಿಗೂ ನನ್ನ ನಾಲಿಗೆ ಮೇಲಿದೆ ಪುಟ್ಟಿ.

ತೂಕದ ಮೇಲೆ ಮಾರುತ್ತಾರೆ, ಎಷ್ಟು ಬಾತ್ (ಅಲ್ಲಿಯ ದುಡ್ಡು) ಅಂತ ಮೊದಲೇ ಕೇಳಿಕೋ. ರೇಟು ನೋಡಿ ನಾವು ಇಬ್ಬರಿಗೆ ಒಂದೇ ಹೇಳಿದ್ದೆವು. ಅಪ್ಪ ತಲೆಯ ಭಾಗ ಪೂರ್ತಿ ನನ್ನ ತಟ್ಟೆಗೇ ಹಾಕಿ, ತಾವು ಸುಮ್ನೆ ಬಾಲದ ಕಡೆ ತಿಂದರು. ನೀವಿಬ್ಬರೂ ಆಳಿಗೊಂದು ಹೇಳಿ.

ನಿನ್ನ,
ಅಮ್ಮ