ಅತ್ತಿಗೆಗೆ, ಜೊತೆಗೆ ನಿಮ್ಮೆಲ್ಲರಿಗೂ

ಈ ಸಂಕ್ರಾಂತಿಗೆ ಅವರೆಕಾಳು ಹಾಕಿದ ಅಕ್ಕಿ ರೊಟ್ಟಿ ತಿಂದೆ. ತಿಂದದ್ದು ಅರ್ಧವೇ. ಆದರೆ ಎಲ್ಲರ ಜೊತೆ ಕೂತು ತಿಂದೆ, ಮಾರನೇ ದಿನ ಆರಾಮಾಗಿ ಎದ್ದು ಕೆಲಸಕ್ಕೂ ಹೋದೆ. ಕಳೆದ ವರ್ಷ ನನ್ನನ್ನು ನೋಡಿದವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಗೊತ್ತು. ನನ್ನ ಹೊಟ್ಟೆಯ ಕಾಯಿಲೆಯ ಕಥೆಯೂ ಗೊತ್ತು, ಅದನ್ನು ಮತ್ತೆ ಬರೆಯುವುದಿಲ್ಲ.

ಧೈರ್ಯ ತುಂಬಿದ ಡಾಕ್ಟರಿಗೆ, ಎಷ್ಟು ಸಲ ಫೋನ್ ಮಾಡಿದರೂ ಬೇಸರಪಡದ ಡಯಟೀಶಿಯನ್‌ಗೆ, ನನ್ನ ಕೆಲಸವನ್ನೂ ಹೊತ್ತ ಆಫೀಸಿನ ಗೆಳೆಯರಿಗೆ, ಗಂಜಿ ಕಳಿಸಿದ ಎದುರುಮನೆಯವರಿಗೆ, ರಾತ್ರೋರಾತ್ರಿ ಓಡಾಡಿದ ಅಣ್ಣನಿಗೆ ತುಂಬಾ ತುಂಬಾ ಥ್ಯಾಂಕ್ಸ್.

ಅತ್ತಿಗೆಗೆ ಒಂದು ಸಾಲು ಸಾಲದು.

ಕಳೆದ ವರ್ಷ ಕಾಯಿಲೆ ಜೋರಾದ ಆ ರಾತ್ರಿ ಅವರು ಮಲಗಲೇ ಇಲ್ಲ. ಬಚ್ಚಲುಮನೆ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತಿದ್ದರು. ನಾನು ಹೊರಗೆ ಬಂದಾಗಲೆಲ್ಲ ಮುಖ ಒರೆಸಿ, ಓಆರ್‌ಎಸ್ ನೀರನ್ನು ಚಮಚದಲ್ಲಿ ಕುಡಿಸುತ್ತಿದ್ದರು. "ಇನ್ನು ನನ್ನ ಕೈಲಿ ಆಗಲ್ಲ ಅತ್ತಿಗೆ" ಅಂದೆ. ಸುಮ್ನೆ ಬಾಯಿಗೆ ಬಂದ ಮಾತಲ್ಲ ಅದು. ಅವರು ಬುದ್ಧಿ ಹೇಳಲು ಹೋಗಲಿಲ್ಲ. ನನ್ನ ತಲೆ ತೊಡೆ ಮೇಲಿಟ್ಟುಕೊಂಡು, "ಬೆಳಗಾಗಲಿ, ನಾನಿದ್ದೀನಿ" ಅಂದರು. ಬರೆಯುವಾಗ ಈಗಲೂ ಗಂಟಲು ಕಟ್ಟುತ್ತದೆ.

ಆಮೇಲೆ ಅಣ್ಣನ ಮನೆಯಲ್ಲೇ ಇದ್ದೆನಲ್ಲ, ಆ ತಿಂಗಳುಗಳಲ್ಲಿ ಅವರು ಮಾಡಿದ್ದು ಇನ್ನೂ ದೊಡ್ಡದು. ಕಾಳು ಮುಟ್ಟಲೇಬೇಡ ಅನ್ನುವವರೇ ಜಾಸ್ತಿ. ಅತ್ತಿಗೆ ಮಾತ್ರ ಡಯಟೀಶಿಯನ್ ಹತ್ತಿರ ಬಂದು ಕೂತು, "ಯಾವ ಕಾಳು, ಎಷ್ಟು, ಹೇಗೆ ಬೇಯಿಸಲಿ?" ಅಂತ ಕೇಳಿದರು. ಡಯಟೀಶಿಯನ್ ಹೇಳಿದ್ದು ಇಷ್ಟು: ಕಾಳಿನಲ್ಲಿ ರಾಫಿನೋಸ್, ಸ್ಟಾಕಿಯೋಸ್ ಅಂತ ಸಕ್ಕರೆಗಳಿವೆ. ಅವನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಲ್ಲಿಲ್ಲ. ಅವು ಹಾಗೇ ದೊಡ್ಡ ಕರುಳಿಗೆ ಇಳಿದು, ಬ್ಯಾಕ್ಟೀರಿಯಾಗಳ ಪಾಲಾಗಿ ಗ್ಯಾಸ್ ಆಗುತ್ತದೆ. ಎಲ್ಲರಿಗೂ ಆಗುವುದೇ, ನನ್ನಂಥ ಸೂಕ್ಷ್ಮ ಹೊಟ್ಟೆಯವರಿಗೆ ನೋವು ಜಾಸ್ತಿ. ನೆನೆಸಿದ ನೀರು ಚೆಲ್ಲಿದರೆ ಆ ಸಕ್ಕರೆ ಒಂದಿಷ್ಟು ಕಡಿಮೆಯಾಗುತ್ತದೆ.

ಇಷ್ಟು ಕೇಳಿದ್ದೇ ತಡ, ಅತ್ತಿಗೆ ನುಚ್ಚಿನುಂಡೆ ಮಾಡಿದರು. ತೊಗರಿಬೇಳೆ ಬದಲು ಹೆಸರುಬೇಳೆ. ಈರುಳ್ಳಿ ಇಲ್ಲ, ಹಸಿಮೆಣಸಿನಕಾಯಿ ಇಲ್ಲ. ಶುಂಠಿ, ಜೀರಿಗೆ, ಸಬ್ಬಸಿಗೆ ಸೊಪ್ಪು, ಸ್ವಲ್ಪ ಕಾಯಿತುರಿ. ಬೇಳೆಯನ್ನು ತರಿತರಿಯಾಗಿ ರುಬ್ಬಿ, ಹಬೆಯಲ್ಲಿ ಬೇಯಿಸಿದ ಬಿಸಿ ಉಂಡೆಯನ್ನು ಮುರಿದು, ಮೇಲೆ ತುಪ್ಪ ಬಿಟ್ಟು, "ಇವತ್ತು ಒಂದೇ. ನಾಳೆ ಹೊಟ್ಟೆ ಏನನ್ನುತ್ತೋ ನೋಡೋಣ" ಅಂದರು. ನನಗೊಂದು, ಉಳಿದವರಿಗೊಂದು ಅಂತ ತಿಂಡಿ ಮಾಡಲೇ ಇಲ್ಲ. ಸಂಜೆ ಬೋಂಡಾ ಕೇಳುವ ಮಕ್ಕಳಿಗೂ ಅದೇ ಉಂಡೆ. ನಾನು ಒಬ್ಬಳೇ ಬೇರೆ ತಟ್ಟೆ ಹಿಡಿದು ಕೂರಬಾರದು ಅಂತ ಅವರು ಯಾರಿಗೂ ಹೇಳದೆ ಮಾಡಿದ ಕೆಲಸ ಅದು.

ರೆಸಿಪಿ ಕೇಳಿದವರಿಗೆ ಕಳಿಸುತ್ತೇನೆ. ಆದರೆ ಇದು ನನಗೆ ಒಗ್ಗಿದ್ದು. ನಿಮ್ಮ ಡಾಕ್ಟರನ್ನು ಕೇಳಿಯೇ ಶುರು ಮಾಡಿ.

ಅತ್ತಿಗೆ, ಕಡಲೆಕಾಳು ಇನ್ನೂ ಆಗುತ್ತಿಲ್ಲ. ಆಗದಿದ್ದರೂ ಪರವಾಗಿಲ್ಲ ಅಲ್ವಾ? ಯುಗಾದಿಗೆ ಬರುತ್ತೇನೆ. ಅವತ್ತು ಬೇಳೆ ರುಬ್ಬುವುದು ನಾನು, ನೀವು ಕೂತಿರಿ.